ಮೈಮೇಲೆ ಎಣಿಸಿದ ವಸಂತ

ಶಿದ್‌ರವ್ ಊರಿನ ನೀರುಗಂಟಿ ಒಬ್ಬ ಹೆಂಗಸು ಎಂದರೆ ಬಾರ್ತಾಂಗ್ ಕಣಿವೆಯ ಕೆಳಗಿನ ಊರುಗಳವರು ಮೊದಮೊದಲು ಮೂಗು ಮುರಿಯುತ್ತಿದ್ದರು. ಅವರ ಊರಿನ ಗಂಡಸರೂ ಕೂಲಿಗೆಂದು ರಷ್ಯಾಕ್ಕೆ ಹೋಗಿ, ಗುದ್ದಲಿಗಳು ಹೆಂಗಸರ ಕೈಗೆ ಬಂದ ಮೇಲೆ ಮೂಗುಗಳೆಲ್ಲ ತಾವಾಗಿ ನೆಟ್ಟಗಾದವು. ಆದರೆ ಅಫ್ರೂಜಾ ನೀರುಗಂಟಿಯಾದದ್ದು ಊರಲ್ಲಿ ಗಂಡಸರಿಲ್ಲದ ಕಾರಣಕ್ಕಲ್ಲ. ಅವಳ ಗಂಡ ನಿಯೋಜ್ ವಾರಕ್ಕೆರಡು ದಿನ ಊರಲ್ಲೇ ಇರುತ್ತಿದ್ದ, ಉಳಿದ ದಿನ ಖೋರೋಗ್ ಪಟ್ಟಣದ ದಾರಿಯಲ್ಲಿ ವ್ಯಾನು ಓಡಿಸುತ್ತಿದ್ದ. ಅವಳು ನೀರುಗಂಟಿಯಾದದ್ದು ಮಾವನಿಗೆ ಹೊತ್ತ ಬುತ್ತಿಯಿಂದ.

ಹತ್ತೊಂಬತ್ತನೆಯ ವಯಸ್ಸಿಗೆ ಗುಂಟ್ ಕಣಿವೆಯ ಕಡೆಯಿಂದ ಮದುವೆಯಾಗಿ ಬಂದವಳು. ಅಲ್ಲಿಯ ಮಾತಿಗೂ ಇಲ್ಲಿಯ ಮಾತಿಗೂ ಅರ್ಧದಷ್ಟು ವ್ಯತ್ಯಾಸ. ಅವಳು ಬಾಯಿ ತೆರೆದರೆ ಓಣಿಯ ಹೆಂಗಸರು ತಲೆವಸ್ತ್ರದ ಅಂಚನ್ನು ಬಾಯಿಗೆ ಅಡ್ಡ ಹಿಡಿದು ನಗುತ್ತಿದ್ದರು. ಅತ್ತೆ ಮೊದಲೇ ತೀರಿಹೋಗಿದ್ದಳು. ಗಂಡ ರಸ್ತೆಯ ಮೇಲೆ. ಮನೆಯಲ್ಲಿ ಉಳಿದವನು ಮಾವ ಕದಮ್‌ಶೋ, ಊರಿನ ನೀರುಗಂಟಿ. ದಿನಕ್ಕೆ ಹತ್ತು ಮಾತಾಡಿದರೆ ಅದೇ ಹೆಚ್ಚು. ಮಧ್ಯಾಹ್ನ ಅವನಿಗೆ ರೊಟ್ಟಿ, ಹಿಪ್ಪುನೇರಳೆ ಹಿಟ್ಟು, ಕೆಟಲಿನಲ್ಲಿ ಉಪ್ಪು ಹಾಕಿದ ಹಾಲಿನ ಚಹಾ ಹೊತ್ತು ಅವಳು ಕಾಲುವೆಯ ದಂಡೆ ಹಿಡಿದು ಮೇಲೆ ಹೋಗುತ್ತಿದ್ದಳು. ಬಂಡೆಯ ಹೊಟ್ಟೆ ಕೊರೆದು ಮಾಡಿದ ಕಾಲುವೆ ಅದು. ಒಂದು ಪಕ್ಕ ಕಲ್ಲು, ಇನ್ನೊಂದು ಪಕ್ಕ ಗಾಳಿ.

ಒಂದು ದಿನ ಮಾವ ದಂಡೆಯಲ್ಲಿ ಬೆರಳು ಹಾಕಿ ಕೂತಿದ್ದ. ಇಲಿಬಿಲದಷ್ಟು ಸಣ್ಣ ತೂತಿನಿಂದ ನೀರು ಕೆಳಗೆ ಸೋರುತ್ತಿತ್ತು. ಅವನು ತಲೆಯೆತ್ತಿ, “ನಿಮ್ಮೂರಲ್ಲಿ ಇದಕ್ಕೆ ಏನಂತಾರೆ ಮಗಾ?” ಎಂದು ಕೇಳಿದ. ಅವಳು ಹೆದರಿ ಹೆದರಿ ತಮ್ಮ ಕಡೆಯ ಪದ ಹೇಳಿದಳು. ಅವನು ನಗಲಿಲ್ಲ. ಎರಡು ಸಲ ಬಾಯಲ್ಲಿ ಅಂದುಕೊಂಡು, ನಮ್ಮಲ್ಲಿ ಇದಕ್ಕೆ ಹೆಸರೇ ಇರಲಿಲ್ಲ, ಹಾಗಾಗಿಯೇ ಯಾರೂ ಮುಚ್ಚುತ್ತಿರಲಿಲ್ಲ ಎಂದ. ಅಂದಿನಿಂದ ಆ ತೂತಿಗೆ ಅವನು ಅವಳ ಪದವನ್ನೇ ಬಳಸಿದ. ಹತ್ತು ವರ್ಷದಲ್ಲಿ ಊರೆಲ್ಲ ಅದೇ ಪದ. ಬಾಯಿಗೆ ಬಟ್ಟೆ ಹಿಡಿದು ನಕ್ಕವರೂ ಈಗ ಅದನ್ನೇ ಹೇಳುತ್ತಾರೆ, ಎಲ್ಲಿಂದ ಬಂತೆಂದು ಅವರಿಗೆ ನೆನಪಿಲ್ಲ. ಅಫ್ರೂಜಾಗೆ ನೆನಪಿದೆ. ಅಪ್ಪನಿಲ್ಲದೆ ಬೆಳೆದ ಹುಡುಗಿ ಅವಳು. ಆ ಮಧ್ಯಾಹ್ನದಿಂದ ಮಾವನನ್ನು ಅವಳು ಪ್ರೀತಿಸಿದಷ್ಟು ಆ ಮನೆಯಲ್ಲಿ ಇನ್ಯಾರನ್ನೂ ಪ್ರೀತಿಸಲಿಲ್ಲ. ಗಂಡನಿಗೂ ಈ ವಿಷಯ ಗೊತ್ತು, ಬೇಜಾರಿಲ್ಲ.

ಬುತ್ತಿ ಕೊಟ್ಟು ತಿರುಗಿ ಬರುತ್ತಿದ್ದವಳು ಬರಬರುತ್ತ ಅಲ್ಲೇ ನಿಂತು ಮಣ್ಣು ಮೆತ್ತತೊಡಗಿದಳು. ಯಾವ ಹೊಲಕ್ಕೆ ಎಷ್ಟು ಹೊತ್ತು, ಯಾವ ತೂಬಿನ ಕಲ್ಲು ಯಾವ ಕಡೆ ಜಾರುತ್ತದೆ, ನೀರು ಕದಿಯುವವರು ಯಾವ ಹೊತ್ತಿಗೆ ಕದಿಯುತ್ತಾರೆ, ಎಲ್ಲ ಕಲಿತಳು. ಮಾವನ ಮೊಣಕಾಲು ಸೋತು, ಬಂಡೆದಾರಿ ಹತ್ತಲಾಗದೆ ಅವನು ಗುದ್ದಲಿ ಕೆಳಗಿಟ್ಟಾಗ ಊರು ಕೂತು ಮಾತಾಡಿತು. ಊರಿನ ಹಿರಿಯ ಓಶೂರ್‌ಬೇಕ್ ಮೂರು ಗಂಡಸರ ಹೆಸರು ಹೇಳಿದ. ಒಬ್ಬನಿಗೆ ತಲೆ ಸುತ್ತು, ಇನ್ನೊಬ್ಬನಿಗೆ ಸೋಮಾರಿತನ, ಮೂರನೆಯವನು ನೀರು ಕದಿಯುವವರ ಪೈಕಿಯೇ ಮೊದಲಿಗ. ಕಾಲುವೆಯ ಕಟ್ಟಕಡೆಯ ಹೊಲದ ಮುದುಕಿ ಲಾಲ್‌ಮೋ ಎದ್ದು, ಇಪ್ಪತ್ತು ವರ್ಷದಿಂದ ಮೇಲೆ ಹೋಗುತ್ತಿರುವವಳು ಎದುರಿಗೇ ಕೂತಿದ್ದಾಳಲ್ಲ, ಕಣ್ಣಿಗೇನು ಪೊರೆ ಬಂದಿದೆಯೇ ಎಂದಳು. ಹಾಗೆ ಅಫ್ರೂಜಾ ನೀರುಗಂಟಿಯಾದಳು.

ಗುದ್ದಲಿ ಅವಳ ಕೈಗೆ ಬಂತು. ಆದರೆ ಲೆಕ್ಕ ಮಾವನ ಬಳಿಯೇ ಉಳಿಯಿತು.

ನಮ್ಮ ಕಣಿವೆಯಲ್ಲಿ ವಸಂತವನ್ನು ಮೈಮೇಲೆ ಎಣಿಸುತ್ತಾರೆ. ಚಳಿಗಾಲ ಮುಗಿಯುವ ಹೊತ್ತಿಗೆ ಒಂದು ಬೆಳಿಗ್ಗೆ ಕದಮ್‌ಶೋ ಮನೆಯ ಚಾವಣಿಯ ಬೆಳಕಿಂಡಿಯಿಂದ ಇಳಿದ ಬಿಸಿಲು ಕಂಬದ ಮೇಲಿನ ಗೀಟನ್ನು ಮುಟ್ಟುತ್ತದೆ. ಅವನ ತಾತನ ತಾತ ಕೊರೆದ ಗೀಟು ಅದು, ಊರಿನ ಬೇರೆ ಯಾವ ಮನೆಯಲ್ಲೂ ಇಲ್ಲ. ಅಂದು ಸೂರ್ಯ ಮನುಷ್ಯನ ಅಂಗಾಲಿಗೆ ಬಂದ ಎಂದು ಲೆಕ್ಕ. ಅಲ್ಲಿ ಮೂರು ದಿನ ಇರುತ್ತಾನೆ. ಆಮೇಲೆ ಕಾಲಿನ ಹರಡು, ಅಲ್ಲೂ ಮೂರು ದಿನ. ಹೀಗೇ ಮೂರು ಮೂರು ದಿನಕ್ಕೆ ಮೀನಖಂಡ, ಮೊಣಕಾಲು, ತೊಡೆ, ಆಮೇಲೆ ಹೆಂಗಸರ ಮುಂದೆ ಹೆಸರು ಹೇಳದ ಒಂದು ಜಾಗ, ಹೊಕ್ಕುಳು, ಹೊಟ್ಟೆ, ಕೊನೆಗೆ ಎದೆ. ಸೂರ್ಯ ಎದೆಗೆ ಬಂದ ದಿನ ಕಾಲುವೆಯ ಬಾಯಿ ತೆರೆಯಬೇಕು. ಅದಕ್ಕೆ ಮುಂಚೆ ಮೂರು ದಿನ ಮನೆಗೊಬ್ಬರಂತೆ ಎಲ್ಲರೂ ಸೇರಿ ಚಳಿಗಾಲದಲ್ಲಿ ಬಿದ್ದ ಕಲ್ಲುಮಣ್ಣು ಎತ್ತಬೇಕು. ಕದಮ್‌ಶೋ ಬಾಯಿಂದ ‘ಹೊಟ್ಟೆ’ ಎಂಬ ಮಾತು ಬರುವ ತನಕ ಯಾವ ಮನೆಯಿಂದಲೂ ಒಂದು ಸಲಿಕೆ ಹೊರಡುವುದಿಲ್ಲ. ಹಟವೆಂದು ತಿಳಿಯಬೇಡಿ. ಮುಂಚೆ ತೆರೆದರೆ ಕಾಲುವೆಯಲ್ಲಿ ನೀರು ಹೆಪ್ಪುಗಟ್ಟಿ ದಂಡೆ ಒಡೆಯುತ್ತಿತ್ತು, ಹಾಗೆ ಒಡೆದ ವರ್ಷ ಜನ ಹುಲ್ಲು ಬೇಯಿಸಿ ತಿಂದದ್ದೂ ಇತ್ತು. ನಲವತ್ತು ವರ್ಷ ಕದಮ್‌ಶೋ ಎಣಿಸಿದ. ಒಂದು ದಿನ ತಪ್ಪಿಲ್ಲ. ದಾರಿಯಲ್ಲಿ ಸಿಕ್ಕವರು ‘ಹೇಗಿದ್ದೀರಿ’ ಎಂದು ಕೇಳುವ ಬದಲು ‘ಸೂರ್ಯ ಎಲ್ಲಿದ್ದಾನೆ’ ಎಂದು ಕೇಳುತ್ತಿದ್ದರು. ಅವನು ಹೇಳುವಾಗ ಬೆನ್ನು ಸ್ವಲ್ಪ ನೆಟ್ಟಗಾಗುತ್ತಿತ್ತು.

ಸೂರ್ಯ ತಪ್ಪಲಿಲ್ಲ. ತಪ್ಪಿದ್ದು ಹಿಮ. ಮೇಲಿನ ಕಣಿವೆಯ ಹಿಮ ವರ್ಷದಿಂದ ವರ್ಷಕ್ಕೆ ಇನ್ನಷ್ಟು ಮುಂಚೆ ಕರಗತೊಡಗಿತು. ಸೂರ್ಯ ಹೊಕ್ಕುಳಿಗೆ ಬರುವ ಮೊದಲೇ ಕಾಲುವೆಗೆ ನೀರು ಕೊಡುವ ಹಳ್ಳ ಕೆಂಪಗೆ ತುಂಬಿ ಹರಿದು, ಯಾರಿಗೂ ದಕ್ಕದೆ ಕೆಳಗಿನ ನದಿ ಸೇರುತ್ತಿತ್ತು. ಊರು ಕಾಲುವೆ ತೆರೆಯುವ ಹೊತ್ತಿಗೆ ಮೊದಲ ನೀರು ಹೋಗಿಯಾಗಿರುತ್ತಿತ್ತು. ಹಿಂದೆ ಬರುವ ತೆಳ್ಳಗಿನ ನೀರು ಒಣಗಿದ ಕಾಲುವೆಯ ಮಣ್ಣಿಗೇ ಸಾಲದು. ಮೂರು ವರ್ಷ ಹೀಗಾಯಿತು. ಕಾಲುವೆಯ ಬಾಲದಲ್ಲಿದ್ದ ಹನ್ನೊಂದು ಮನೆಗಳ ಗೋಧಿ ಮೊಳಕೆಯಲ್ಲೇ ಹಳದಿಯಾಯಿತು. ಮೂರನೆಯ ವರ್ಷ ಲಾಲ್‌ಮೋ ತನ್ನ ಜರ್ದಾಳು ಮರಗಳನ್ನು ಕಡಿಸಿ ಒಲೆಗೆ ಹಾಕಿದಳು. ನೋಡಲು ಬಂದ ಅಫ್ರೂಜಾಗೆ ಕೂರು ಎಂದೂ ಹೇಳಲಿಲ್ಲ.

“ನಿನ್ನ ಆರಿಸೋವಾಗ ನಾನೇ ಮೊದಲು ಕೈ ಎತ್ತಿದ್ದು ಕಣವ್ವ,” ಎಂದಳು. “ಆ ಕೈ ಈಗ ನೋಯ್ತಾ ಇದೆ. ಇನ್ನೊಂದು ವರ್ಷ ನೋಡ್ತೀನಿ. ನೀರು ಬರದಿದ್ರೆ ಮಗಳ ಮನೆಗೆ ಹೋಗ್ತೀನಿ, ಅವಳ ಅತ್ತೆ ಕೈಲಿ ಬೈಸಿಕೊಂಡು ಸಾಯ್ತೀನಿ.”

ನೀರುಗಂಟಿ ಎಂದರೆ ಏನೆಂದು ಮಾವ ಒಂದೇ ಮಾತಲ್ಲಿ ಕಲಿಸಿದ್ದ: ಮೊದಲ ಹೊಲಕ್ಕೆ ನೀರು ತಾನೇ ಹೋಗುತ್ತದೆ, ಅದಕ್ಕೆ ನೀರುಗಂಟಿ ಬೇಡ, ಕಡೆಯ ಹೊಲಕ್ಕೆ ಹೋದರೆ ಮಾತ್ರ ಊರಿಗೆ ನೀರುಗಂಟಿ ಇದ್ದಾಳೆ ಎಂದು ಅರ್ಥ. ಆ ಮಾತು ಅವಳನ್ನು ಚಳಿಗಾಲವಿಡೀ ಕೊರೆಯಿತು.

ಆ ವರ್ಷ ಬಿಸಿಲು ಗೀಟು ಮುಟ್ಟುವ ದಿನ ಕದಮ್‌ಶೋ ಜ್ವರದಲ್ಲಿ ಬೇಯುತ್ತಿದ್ದ. ಹತ್ತು ದಿನದಿಂದ ಎದ್ದಿರಲಿಲ್ಲ. ಹಾಗಿದ್ದೂ ಬೆಳಿಗ್ಗೆ ಬೆಳಿಗ್ಗೆ ತನ್ನನ್ನು ಎತ್ತಿ ಕೂರಿಸು ಎಂದು ಹಟ ಹಿಡಿಯುತ್ತಿದ್ದ. ಅಫ್ರೂಜಾ ಅವನ ಬೆನ್ನ ಹಿಂದೆ ಕೂತು, ಎರಡು ಕೈಯಲ್ಲಿ ಅವನನ್ನು ಎದೆಗಾನಿಸಿಕೊಂಡು ಕಂಬದ ಕಡೆ ತಿರುಗಿಸುತ್ತಿದ್ದಳು. ಹನ್ನೊಂದನೆಯ ಬೆಳಿಗ್ಗೆ ಆಕಾಶ ತೊಳೆದ ಬಟ್ಟಲಿನಂತಿತ್ತು. ಬಿಸಿಲು ಇಳಿದು ಬಂದು ಗೀಟಿನ ಮೇಲೆ ಸರಿಯಾಗಿ ಕೂತಿತು, ಒಂದು ಕೂದಲೆಳೆ ಅತ್ತಿತ್ತ ಇಲ್ಲ. ಇಬ್ಬರೂ ನೋಡಿದರು. ಮುದುಕ ಕೈ ಎದೆಗೊತ್ತಿಕೊಂಡು, ಬಾಗಿ ತನ್ನ ಅಂಗಾಲನ್ನು ಮುಟ್ಟಿದ. ಆಮೇಲೆ ಪುನಃ ಮಲಗಿದ. ಅಂಗಾಲಿಗೆ ಬಂದ ಎಂಬ ಸುದ್ದಿಯನ್ನು ಅಫ್ರೂಜಾ ಊರಿಗೆ ಮುಟ್ಟಿಸಿದಳು.

ಇತ್ತ ಅವಳು ಹಳ್ಳದಲ್ಲಿ ಒಂದು ಕೋಲು ನೆಟ್ಟಿದ್ದಳು. ಹಿಂದಿನ ಮೂರು ವರ್ಷ ನೀರು ಏರಿದ ದಿನಗಳನ್ನು ತಲೆಯಲ್ಲಿಟ್ಟುಕೊಂಡಿದ್ದಳು. ಈ ಸಲ ಕೋಲಿನ ಮೇಲೆ ದಿನಕ್ಕೊಂದು ಗೀರು ಹಾಕಿದಳು. ಸೂರ್ಯ ಮೀನಖಂಡದಲ್ಲಿದ್ದಾಗಲೇ ಮಧ್ಯಾಹ್ನದ ನೀರು ಒಂದು ಗೇಣು ಏರಿತು. ಕಾಲುವೆಯ ನೆರಳುಮೂಲೆಯಲ್ಲಿ ಬೋಗುಣಿಯಲ್ಲಿ ನೀರಿಟ್ಟು ಬೆಳಿಗ್ಗೆ ಹೋಗಿ ನೋಡಿದಳು, ಹೆಪ್ಪುಗಟ್ಟಿರಲಿಲ್ಲ. ಅವಳಿಗೆ ಲೆಕ್ಕ ಸಿಕ್ಕಿತು: ಒಂಬತ್ತು ದಿನ ಮುಂಚೆ ತೆರೆಯಬೇಕು. ಹಾಗಾದರೆ ಮೊದಲ ನೀರು ಪೂರ್ತಿ ಊರಿನದು.

ಊರಿನವರು ಸೇರಿದಾಗ ಅವಳು ಇದನ್ನು ಹೇಳಿದಳು. ಕೋಲು ಕಿತ್ತು ತಂದು ತೋರಿಸಿದಳು. ತಪ್ಪು ಮಾಡಿದ್ದು ಅಲ್ಲೇ. ಮಾವ ಅಲ್ಲೇ ಎದುರಿಗೆ, ಚಾಪೆಯ ಮೇಲೆ, ಜ್ವರ ಬಿಟ್ಟು ಎದ್ದು ಬಂದು ಕೂತಿದ್ದ. ಓಶೂರ್‌ಬೇಕ್ ಕೋಲನ್ನು ತಿರುಗಿಸಿ ಮುರುಗಿಸಿ ನೋಡಿ, ಮುದಿ ಕತ್ತೆಯ ಹಲ್ಲು ನೋಡಿದವನ ಹಾಗೆ ಮುಖ ಮಾಡಿದ.

“ನಲವತ್ತು ವರ್ಷದ ಲೆಕ್ಕಕ್ಕಿಂತ ನಿನ್ನ ಕೋಲು ಹೆಚ್ಚಾಯ್ತಾ ತಾಯಿ?” ಎಂದ. “ನಿಮ್ಮ ಮಾವನ್ನೇ ಕೇಳು. ಸೂರ್ಯ ಎಲ್ಲಿದಾನೆ ಕದಮ್‌ಶೋ?”

“ಮೊಣಕಾಲಿಗೆ ಇವತ್ತು ಬಂದಿದಾನೆ,” ಎಂದ ಮುದುಕ, ಸೊಸೆಯ ಮುಖ ನೋಡದೆ.

“ಕೇಳಿಸಿಕೊಂಡ್ರಲ್ಲ. ಎದೆಗೆ ಇನ್ನೂ ಹದಿನೈದು ದಿನ.” ಎಲ್ಲರೂ ಎದ್ದು ಬಟ್ಟೆ ಕೊಡವಿಕೊಂಡರು.

ಮನೆಗೆ ಬಂದ ಮೇಲೆ ಕದಮ್‌ಶೋ ಚಹಾ ಕುಡಿಯಲಿಲ್ಲ. ಮರುದಿನವೂ ಮಾತಾಡಲಿಲ್ಲ. ಅವನಿಗೆ ನೋವಾಗಿತ್ತು, ಅಷ್ಟು ಸಣ್ಣ ವಿಷಯವೇನೂ ಅಲ್ಲ ಅದು. ತಾನು ಬೆರಳು ಹಿಡಿದು ಕಲಿಸಿದವಳು ಊರ ಮುಂದೆ ಕೋಲು ಹಿಡಿದು ನಿಂತಿದ್ದಳು. ಅಫ್ರೂಜಾಗೂ ನೋವಾಗಿತ್ತು. ಮನೆಯಲ್ಲಿ ಮೊದಲು ಅವನಿಗೆ ಹೇಳಬೇಕಿತ್ತು. ಹೇಳಿದರೆ ಬೇಡವೆನ್ನುತ್ತಾನೆಂದು ಹೆದರಿ ಹೇಳಿರಲಿಲ್ಲ. ಕ್ಷಮೆ ಕೇಳಲು ಬಾಯಿ ಬರಲಿಲ್ಲ, ಏಕೆಂದರೆ ಕೋಲು ಹೇಳಿದ್ದು ನಿಜ. ಅವಳು ಒಲೆಯ ಮುಂದೆ ಕೂತು ಅತ್ತಳು, ಮುದುಕನಿಗೆ ಅದು ಕೇಳಿಸಿತು.

ಮೂರನೆಯ ಬೆಳಿಗ್ಗೆ ಅವನೇ ಕತ್ತೆಗೆ ಜೀನು ಹಾಕು ಎಂದ. ಎಲ್ಲಿಗೆಂದು ಕೇಳಲಿಲ್ಲ ಅವಳು. ಕತ್ತೆಯ ಮೇಲೆ ಅವನನ್ನು ಕೂರಿಸಿ, ಹಿಡಿದು ನಡೆಸಿಕೊಂಡು ಹಳ್ಳದ ತನಕ ಹೋದಳು. ಐದು ವರ್ಷದಿಂದ ಅವನು ಅಲ್ಲಿಗೆ ಬಂದಿರಲಿಲ್ಲ. ಇಳಿದು ಕೂತು ನೀರಿಗೆ ಕೈ ಹಾಕಿ, ಹಾಗೇ ಬಹಳ ಹೊತ್ತು ಇಟ್ಟುಕೊಂಡ. ಆಮೇಲೆ ತಲೆಯೆತ್ತಿ ಮೇಲಿನ ಬೆಟ್ಟ ನೋಡಿದ. ಅವನು ಗುದ್ದಲಿ ಹಿಡಿದ ಕಾಲಕ್ಕೆ ಈ ಹೊತ್ತಿಗೆ ಹಿಮ ಕುರಿಗಳ ಹಳೇ ಹಟ್ಟಿಯ ತನಕ ಇರುತ್ತಿತ್ತು. ಈಗ ಹಟ್ಟಿಯ ಗೋಡೆ, ಅದರ ಮೇಲಿನ ಕಲ್ಲುರಾಶಿ, ಅದರ ಮೇಲಿನ ಬೋಳು ಇಳಿಜಾರು ಎಲ್ಲ ಬರಿದೇ ಕಾಣುತ್ತಿದ್ದವು. ನೀರು ಮಣ್ಣಿನ ಬಣ್ಣಕ್ಕೆ ತಿರುಗತೊಡಗಿತ್ತು.

“ನನ್ನ ಲೆಕ್ಕ ತಪ್ಪಿಲ್ಲ ಮಗಾ,” ಎಂದ ಕೊನೆಗೆ.

“ಇಲ್ಲ ಮಾವ. ನಾನೂ ನೋಡಿದೀನಲ್ಲ.”

“ಸೂರ್ಯಂದೂ ತಪ್ಪಿಲ್ಲ. ಈ ಹಿಮ ಇದೆಯಲ್ಲ, ಇದಕ್ಕೆ ಈಗ ಯಾರ ಲೆಕ್ಕವೂ ಬೇಡವಾಗಿದೆ.” ಆಮೇಲೆ, “ಲಾಲ್‌ಮೋ ಮರ ಕಡಿಸಿದಳಂತೆ. ನನಗ್ಯಾಕೆ ಹೇಳಲಿಲ್ಲ?” ಎಂದ.

ನಿಮಗೆ ನೋವಾಗುತ್ತದೆಂದು ಎಂದಳು ಅವಳು. ಅವನು ಒದ್ದೆ ಕೈಯನ್ನು ಅವಳ ತಲೆಯ ಮೇಲಿಟ್ಟ.

ಹಿಂದಿರುಗುವಾಗ ಅವನು ಕತ್ತೆಯನ್ನು ಊರ ನಡುವಿನ ಅಕ್ರೋಟು ಮರದ ಕಡೆ ತಿರುಗಿಸು ಎಂದ. ಓಶೂರ್‌ಬೇಕ್ ಮತ್ತಿತರರು ಬಿಸಿಲಿಗೆ ಬೆನ್ನು ಕೊಟ್ಟು ಕೂತಿದ್ದರು. ಕದಮ್‌ಶೋ ಇಳಿಯಲಿಲ್ಲ. ಕತ್ತೆಯ ಮೇಲಿಂದಲೇ, ನಾನು ಊರಿಗೆ ಒಂದು ತಪ್ಪು ಮಾಡಿದ್ದೇನೆ ಎಂದು ಶುರು ಮಾಡಿದ. ಮಾತು ನಿಂತು ಎಲ್ಲರೂ ತಿರುಗಿದರು.

“ಬಿಸಿಲು ಗೀಟು ಮುಟ್ಟಿದ ದಿನ ನನಗೆ ಜ್ವರ. ಕಣ್ಣೇ ಬಿಟ್ಟಿರಲಿಲ್ಲ. ಎದ್ದು ನೋಡಿದಾಗ ಅದು ಗೀಟು ದಾಟಿ ಮೂರು ಬೆರಳು ಮೇಲೆ ಹೋಗಿತ್ತು. ನಾಚಿಕೆಯಾಯ್ತು. ಯಾರಿಗೆ ತಿಳಿಯುತ್ತೆ ಅಂತ ಅದನ್ನೇ ಅಂಗಾಲು ಅಂದುಬಿಟ್ಟೆ. ಒಂಬತ್ತು ದಿನ ಹಿಂದಿದೀನಿ ಕಣ್ರಪ್ಪ. ಸೂರ್ಯ ಮೊಣಕಾಲಲ್ಲಿಲ್ಲ. ಹೊಕ್ಕುಳಲ್ಲಿದಾನೆ. ಇವತ್ತಿಗೆ ಅದೂ ಮುಗೀತು, ನಾಳೆ ಹೊಟ್ಟೆ.”

ಅಫ್ರೂಜಾ ಕತ್ತೆಯ ಹಗ್ಗ ಹಿಡಿದು ನಿಂತಿದ್ದಳು. ಆ ಬೆಳಿಗ್ಗೆ ತನ್ನ ಎರಡು ಕೈಗಳ ನಡುವೆ ಸುಡುತ್ತಿದ್ದ ಮೈ, ಗೀಟಿನ ಮೇಲೆ ಕೂತ ಬಿಸಿಲು, ಎಲ್ಲ ಅವಳ ಕಣ್ಣ ಮುಂದೆ ಬಂತು. ಇಲ್ಲ ಎನ್ನಲು ಅವಳು ಬಾಯಿ ತೆರೆದಳು. ಮುದುಕ ಮೇಲಿಂದ ಅವಳನ್ನು ಒಮ್ಮೆ ನೋಡಿದ. ಅವಳು ಬಾಯಿ ಮುಚ್ಚಿದಳು.

ಓಶೂರ್‌ಬೇಕ್ ಒಂದು ಗಳಿಗೆ ಗಡ್ಡ ತಡವಿಕೊಂಡ. ಆಮೇಲೆ ಅವನ ಮುಖದಲ್ಲಿ ನಗು ಮೂಡಿತು. “ಅಲ್ಲಯ್ಯಾ, ಆ ನಡುವಿನ ಜಾಗ ದಾಟಿದ್ದೂ ನಿನಗೆ ಗೊತ್ತಾಗ್ಲಿಲ್ವಾ? ಹಾಗಾದ್ರೆ ನಿಜವಾಗ್ಲೂ ವಯಸ್ಸಾಯ್ತು ಬಿಡು.”

ಮರದಡಿಯ ಗಂಡಸರೆಲ್ಲ ಹೊಟ್ಟೆ ಹಿಡಿದು ನಕ್ಕರು. ಕದಮ್‌ಶೋ ಕೂಡ ನಕ್ಕ. ಎಲ್ಲರ ಜೇಬಿನಲ್ಲೂ ಫೋನಿತ್ತು, ಫೋನಿನಲ್ಲಿ ತಾರೀಖಿತ್ತು. ಹೋದ ವರ್ಷ ಯಾವ ತಾರೀಖಿಗೆ ತೆರೆದಿದ್ದರೆಂದು ನೋಡಿದ್ದರೆ ಸುಳ್ಳು ಅಲ್ಲೇ ಬಯಲಾಗುತ್ತಿತ್ತು. ಯಾರೂ ನೋಡಲಿಲ್ಲ. ಈ ಮನುಷ್ಯ ಸುಳ್ಳು ಹೇಳುತ್ತಾನೆ ಎಂದು ಅನ್ನಿಸಿದರಲ್ಲವೇ ನೋಡುವುದು? ನಲವತ್ತು ವರ್ಷ ಕೂಡಿಟ್ಟ ನಂಬಿಕೆಯನ್ನು ಅವನು ಒಂದೇ ಸಲಕ್ಕೆ ಅಲ್ಲಿ ಸುರಿದುಬಿಟ್ಟ.

ಮರುದಿನ ಬೆಳಿಗ್ಗೆ ಮನೆಗೊಂದು ಸಲಿಕೆ ಹೊರಟಿತು. ಮೂರು ದಿನ ಕಲ್ಲೆತ್ತಿದರು, ಮಣ್ಣು ಮೆತ್ತಿದರು, ಅಫ್ರೂಜಾ ಮುಂದೆ ನಿಂತು ತೂತು ತೂತನ್ನೂ ಮುಚ್ಚಿಸಿದಳು. ಕೆಲಸದ ನಡುವೆ ಕದಮ್‌ಶೋ ವಿಷಯ ಬರುತ್ತಿತ್ತು. ಪಾಪ, ಜ್ವರ ತಲೆಗೇರಿರಬೇಕು ಎಂದರು. ಮುಂದಿನ ವರ್ಷ ಲೆಕ್ಕವನ್ನು ಸೊಸೆಯೇ ನೋಡಿಕೊಳ್ಳಲಿ, ಮುದುಕನನ್ನು ನಂಬಿ ಕೂರುವುದು ಬೇಡ ಎಂದೂ ಯಾರೋ ಅಂದರು. ಅವಳು ಗುದ್ದಲಿ ಇನ್ನಷ್ಟು ಜೋರಾಗಿ ಹಾಕಿದಳು.

ಎರಡನೆಯ ಸಂಜೆ ಅವಳಿಗೆ ತಡೆಯಲಾಗಲಿಲ್ಲ. ಮಾವನ ಕಾಲಿಗೆ ಎಣ್ಣೆ ತಿಕ್ಕುತ್ತ, ನೀರು ಬಂದ ಮೇಲೆ ನಾನು ನಿಜ ಹೇಳುತ್ತೇನೆ, ನನ್ನ ಕೈಲಿ ಆ ಮಾತುಗಳನ್ನು ಕೇಳಲಾಗುವುದಿಲ್ಲ ಎಂದಳು.

“ಹೇಳಿದರೆ ಬರೋ ವರ್ಷ ಮತ್ತೆ ಎದೆಗೆ ಬರೋ ತನಕ ಕಾಯ್ತಾರೆ,” ಎಂದ ಅವನು. “ನನ್ನ ಲೆಕ್ಕ ಸರಿ ಇರೋ ತನಕ ಅವರು ನಿನ್ನ ಕೋಲು ನೋಡಲ್ಲ ಮಗಾ. ಆ ಲೆಕ್ಕ ಕೆಟ್ಟಿರಬೇಕು. ಕೆಟ್ಟೇ ಇರಬೇಕು.”

“ನಿಮ್ಮ ಹೆಸರು?”

“ಹೆಸರಿಟ್ಟುಕೊಂಡು ಗೋಧಿ ಬೆಳೆಯೋಕಾಗುತ್ತಾ? ಎಡಗಾಲು ತಿಕ್ಕು, ಅದೇ ಹೆಚ್ಚು ನೋಯೋದು.”

ನಾಲ್ಕನೆಯ ದಿನ ಬೆಳಿಗ್ಗೆ ಅಫ್ರೂಜಾ ಕಾಲುವೆಯ ಬಾಯಿ ಒಡೆದಳು. ಕೆಂಪು ನೀರು ನೊರೆ, ಕಸ, ಒಣಗಿದ ಮುಳ್ಳುಗಿಡ ಎಲ್ಲ ನೂಕಿಕೊಂಡು ಒಳಗೆ ನುಗ್ಗಿತು. ಅವಳು ಅದರ ಪಕ್ಕದಲ್ಲೇ ನಡೆದಳು, ನೀರು ನಿಂತರೆ ನಿಂತಳು, ಹೊರಟರೆ ಹೊರಟಳು. ಮಧ್ಯಾಹ್ನ ದಾಟಿದ ಮೇಲೆ ಅದು ಕಾಲುವೆಯ ಬಾಲ ಮುಟ್ಟಿತು. ಲಾಲ್‌ಮೋ ತನ್ನ ಹೊಲದ ಬದುವಿನಲ್ಲಿ ಬರಿಗಾಲಲ್ಲಿ ನಿಂತಿದ್ದಳು. ನೀರು ಅವಳ ಪಾದ ಮುಚ್ಚಿತು. ಮುದುಕಿ ಅಫ್ರೂಜಾಳ ಕೆಸರು ಕೈ ತೆಗೆದುಕೊಂಡು ಕೆನ್ನೆಗೊತ್ತಿಕೊಂಡಳು. ತಾನು ಹುಟ್ಟಿದ್ದೇ ಇದಕ್ಕೆ ಎಂದು ಅಫ್ರೂಜಾಗೆ ಅನಿಸಿತು.

ಆ ದಿನದ ಊಟ ಲಾಲ್‌ಮೋ ಹೊಲದ ಪಕ್ಕದಲ್ಲೇ. ಹೆಂಗಸರು ಬಿಸಿ ರೊಟ್ಟಿ ತಂದಿದ್ದರು. ಮೊದಲ ರೊಟ್ಟಿಯ ಮೊದಲ ತುಂಡು ಲೆಕ್ಕ ಇಟ್ಟವನಿಗೆ ಸಲ್ಲಬೇಕು; ನಲವತ್ತು ವಸಂತ ಅದು ಕದಮ್‌ಶೋಗೆ ಸಂದಿತ್ತು. ಓಶೂರ್‌ಬೇಕ್ ರೊಟ್ಟಿ ಕೈಗೆತ್ತಿಕೊಂಡು ಕೊಂಚ ತಡೆದ. ಮುದುಕನ ಕಡೆ ಒಮ್ಮೆ ನೋಡಿ, ಆಮೇಲೆ ಅದನ್ನು ಅಫ್ರೂಜಾಗೆ ಕೊಟ್ಟ. ಅವನು ಕೆಟ್ಟವನಲ್ಲ. ಮುದುಕನಿಗೆ ಬೇಜಾರಾಗಬಾರದೆಂದು ಅವನ ಮುಂದೆ ಕುಕ್ಕರುಗಾಲಲ್ಲಿ ಕೂತು, ಕಿವುಡರಿಗೆ ಹೇಳುವ ಹಾಗೆ ಗಟ್ಟಿಯಾಗಿ ಕೇಳಿದ:

“ಕದಮ್‌ಶೋ, ಇವತ್ತು ಸೂರ್ಯ ಎಲ್ಲಿದಾನೆ ಗೊತ್ತಾ?”

ಮುದುಕ ಆಕಾಶದ ಕಡೆ ನೋಡಿದ. ತನ್ನ ಮೈಯನ್ನು ಕೆಳಗಿನಿಂದ ಮೇಲಕ್ಕೆ ಒಂದು ಸಲ ತಡವಿಕೊಂಡ. ಕೈ ಭುಜದ ಮೇಲೆ ಹೋಗಿ ನಿಂತಿತು. “ಇಲ್ಲಿ?” ಎಂದ, ಮಕ್ಕಳಂತೆ.

ಕೂತವರು ತಲೆ ತಗ್ಗಿಸಿದರು. ಓಶೂರ್‌ಬೇಕ್ ಅಫ್ರೂಜಾಳ ಕಡೆ ತಿರುಗಿದ. ಎಲ್ಲರೂ ಅವಳ ಕಡೆ ತಿರುಗಿದರು. ಅವಳ ಕೈಯಲ್ಲಿ ರೊಟ್ಟಿ ಬಿಸಿಯಾಗಿತ್ತು, ಹಿಂದೆ ನೀರು ಹೊಲಕ್ಕೆ ಇಳಿಯುವ ಸದ್ದು ಕೇಳುತ್ತಿತ್ತು. ಒಂದು ಮಾತು ಹೇಳಿದ್ದರೆ ಆ ರೊಟ್ಟಿ ಸೇರಬೇಕಾದಲ್ಲಿಗೆ ಸೇರುತ್ತಿತ್ತು.

“ಮಾವನಿಗೆ ಈಗೀಗ ಮರೆವು,” ಎಂದಳು ಅಫ್ರೂಜಾ. “ಮುಂದಿನ ವರ್ಷದಿಂದ ನನ್ನನ್ನೇ ಕೇಳಿ.”

ಹೇಳಿ ಮುಗಿಸಿ ಅವಳು ತಲೆವಸ್ತ್ರದ ಅಂಚಿನಿಂದ ಕಣ್ಣೊರೆಸಿಕೊಂಡಳು. ಊರಿನವರು ಅದನ್ನು ಸೊಸೆಯ ಕನಿಕರ ಎಂದುಕೊಂಡರು. ಕದಮ್‌ಶೋ ಮಾತ್ರ ಅವಳು ನೀರುಗಂಟಿಯಾದ ದಿನ ಹೆಮ್ಮೆಯಿಂದ ನೋಡಿದ ಹಾಗೆಯೇ ಅವಳನ್ನು ನೋಡುತ್ತಿದ್ದ. ಅವಳು ಅವನ ಪಕ್ಕದಲ್ಲಿ ಕೂತು ರೊಟ್ಟಿ ಮುರಿದಳು.